ಸಸ್ಯಾಹಾರಿ ಶಿಲಾಯುಗ

ಕೊಳಾಲದ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ರುದ್ರಮುನಿ ಮೇಷ್ಟ್ರಿಗೆ ಶಿಲಾಯುಗವನ್ನು ಓದಿಸಿದರೆ ಸಾಲದು, ಉಡಿಸಿಯೇ ತೋರಿಸಬೇಕು. ಪ್ರತಿ ಶುಕ್ರವಾರ, ಹಣೆಯ ವಿಭೂತಿ ಆರುವ ಮೊದಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಮುತ್ತುಗದ ಎಲೆಯ ಹೊದಿಕೆ ಹಾಕಿಕೊಂಡು ಬೇವಿನ ಮರದಡಿ ಆದಿಮಾನವರಾಗಿ ಕೂರುತ್ತಾರೆ. ಸುತ್ತ ಕೂತು ತಮ್ಮ ತಮ್ಮ ಎಲೆಯುಡುಪು ಹೊಲಿಯುವ ಮಕ್ಕಳ ಕೈಯಲ್ಲಿ ಕತ್ತರಿ ಕಂಡರೆ ಕೆಂಡವಾಗುತ್ತಾರೆ. "ಆಗ ಕತ್ರಿ ಎಲ್ಲಿತ್ಲಾ? ಕಲ್ಲಲ್ಲಿ ಕುಯ್ಯಿ!" ಎಂದು ಗದರಿ, ತಾವು ಮಾತ್ರ ಕನ್ನಡಕ ಏರಿಸಿಕೊಂಡು ಪುಂಡಿನಾರನ್ನು ತೊಡೆಯ ಮೇಲೆ ಹೊಸೆಯುತ್ತಾರೆ. ಆದಿಮಾನವರು ಮೂಳೆಯ ಸೂಜಿಯಲ್ಲಿ ತೊಗಲು ಹೊಲಿಯುತ್ತಿದ್ದರೆಂದು ಪಾಠದಲ್ಲೇ ಇದೆ. ಆದರೆ ಕೊರಳಲ್ಲಿ ಲಿಂಗವಿರುವ ಮೇಷ್ಟ್ರು ಅದನ್ನೆಲ್ಲ ಮುಟ್ಟುವವರಲ್ಲ. "ನಮ್ಮ ಕಡೆ ಶಿಲಾಯುಗದೋರು ಶುದ್ಧ ಸಸ್ಯಾಹಾರಿಗಳು ಕಣ್ರಲಾ" ಎಂದು ಜಾಲಿಮುಳ್ಳಿನ ಸೂಜಿ ಹಂಚಿಬಿಡುತ್ತಾರೆ. ಕಳೆದ ಶುಕ್ರವಾರ ಒಂಬತ್ತನೇ ತರಗತಿಯ ಸಹನಾ ಮಾತ್ರ ಉಡುಪಿಗೆಂದು ಮನೆಯಿಂದ ತಂದ ಚೀಲ ಬಿಚ್ಚದೆ ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. "ಏನವ್ವಾ ಅದು?" ಎಂದರು ಮೇಷ್ಟ್ರು. "ಮೇಕೆ ತೊಗಲು ಸಾ. ನಮ್ಮಜ್ಜಿ ತಂಗಡಿ ತೊಗಟೆ ಹಾಕಿ ಹದ ಮಾಡವ್ಳೆ. ನೀವು ಮುಟ್ಟಾಕಿಲ್ವಲ್ಲ ಅಂತ ತಗೀಲಿಲ್ಲ." ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೂ ಒರೆಸಿದರು. ಆಮೇಲೆ ಎಲೆಯ ಹೊದಿಕೆ ಕಳಚಿಟ್ಟು, ಅವಳ ಮುಂದೆ ತಲೆ ಬಗ್ಗಿಸಿ, "ಹಾಕವ್ವಾ" ಎಂದರು. ಊಟದ ಬೆಲ್ಲು ಹೊಡೆದಾಗ ಮಕ್ಕಳೆಲ್ಲ ಶಿಲಾಯುಗವನ್ನು ಕಿತ್ತೆಸೆದು ತಟ್ಟೆ ಹಿಡಿದು ಓಡಿದರು. ಮೇಷ್ಟ್ರು ತೊಗಲು ಹೊದ್ದುಕೊಂಡೇ ಸಹನಾಳ ಪಕ್ಕ ಬಿಸಿಯೂಟಕ್ಕೆ ಕೂತರು.