ಹಿತ್ತಿಲ ಕೋಣೆಯ ನೀಲಿ ಟಬ್ಬು

ನಮ್ಮ ಮಕ್ತಲ್ ಮನೆಯ ಹಿತ್ತಿಲ ಕೋಣೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬಿದೆ. ನಾರಾಯಣಪೇಟೆಯ ಸಂತೆಯಲ್ಲಿ ಹಾಸಿಗೆ ಹೊದಿಕೆ ನೆನೆಸಲೆಂದು ಕೊಂಡದ್ದು. ಈಗ ಅದರಲ್ಲಿ ಸಮುದ್ರವಿದೆ. ನಗಬೇಡಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ, ಕಡಲ ಗಾಳಿಯೂ ಸುಳಿಯದ ಈ ಸೀಮೆಯಲ್ಲಿ, ಶುದ್ಧ ನೀರಿಗೆ ಉಪ್ಪಿನ ಪುಡಿ ಬೆರೆಸಿ, ಅಳತೆಗೋಲು ಮುಳುಗಿಸಿ, ಸಮುದ್ರವನ್ನು ಮನೆಯಲ್ಲೇ ಕಲಸಿಕೊಳ್ಳುವ ಹುಚ್ಚು ಹಿಡಿದು ಬಹಳ ವರ್ಷಗಳಾದವು. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನುಗಳಿದ್ದವು. ನನ್ನನ್ನು ಕಂಡರೆ ಗಾಜಿಗೆ ಮೂತಿ ಒತ್ತಿ ಬರುತ್ತಿದ್ದವು. ಈಗ ಒಂದೇ ಉಳಿದಿದೆ. ನನ್ನ ಸಿಟ್ಟನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಅವಕ್ಕೆ ಜೊತೆಯಾಗಲೆಂದು ಹೈದರಾಬಾದಿನಿಂದ ಒಂದು ಹಳದಿ ಮೀನು ತರಿಸಿದ್ದೆ. ಥರ್ಮೋಕೋಲ್ ಡಬ್ಬಿಯನ್ನು ಇಳಿಸಿಕೊಡುತ್ತ ಬಸ್ಸಿನ ಕಂಡಕ್ಟರು, "ಅಕ್ಕಾರ, ಇದರಾಗ ಏನೈತ್ರಿ? ದಾರಿ ತುಂಬಾ ಕುಲುಕ್ಯಾಡಾಕ ಹತ್ತಿತ್ತು" ಎಂದ. ಮೀನು ಎಂದೆ. ನಮ್ಮದು ಮೀನು ಮಾಂಸ ಮುಟ್ಟದ ಮನೆತನವೆಂದು ಬಲ್ಲವನು, ಕಣ್ಣರಳಿಸಿದ. "ಸಾಕಾಕಪ್ಪಾ, ತಿನ್ನಾಕಲ್ಲ" ಎಂದು ನಗಿಸಿ ಡಬ್ಬಿಯನ್ನು ಮನೆಗೆ ತಂದೆ. ಹೊಸ ಮೀನನ್ನು ಹಾಗೇ ತೊಟ್ಟಿಗೆ ಸುರಿಯುವಂತಿಲ್ಲ. ಅದು ಬಂದ ಚೀಲವನ್ನು ಮೊದಲು ನೀರಿನ ಮೇಲೆ ತೇಲಬಿಟ್ಟು ಬಿಸುಪು ಸಮ ಮಾಡಬೇಕು. ಗಂಟು ಹಾಕಿದ ಸಣ್ಣ ಕೊಳವೆಯಿಂದ ನಮ್ಮ ನೀರನ್ನು ಅದರ ನೀರಿಗೆ ಹನಿಹನಿಯಾಗಿ ಸೇರಿಸಿ ಉಪ್ಪಿನ ರುಚಿ ರೂಢಿ ಮಾಡಿಸಬೇಕು. ಆಮೇಲೂ ವಾರಗಟ್ಟಲೆ ಬೇರೆಯೇ ಇರಿಸಿ, ಅಂಗಡಿಯಿಂದ ಯಾವುದಾದರೂ ಜಡ್ಡು ಹೊತ್ತು ತಂದಿದೆಯೇ ಎಂದು ಕಾಯಬೇಕು. ಅದು ಶಿಕ್ಷೆಯಲ್ಲ, ಶುಶ್ರೂಷೆ. ಅದಕ್ಕಾಗಿಯೇ ನೀಲಿ ಟಬ್ಬು, ಅದಕ್ಕಾಗಿಯೇ ಹಿತ್ತಿಲ ಕೋಣೆ.

ಆ ಕೋಣೆಯ ವಿಚಾರವನ್ನೂ ಹೇಳಲೇಬೇಕು. ನಮ್ಮದು ಮಂತ್ರಾಲಯಕ್ಕೆ ನಡೆದುಕೊಳ್ಳುವ ಮಡಿವಂತರ ಮನೆ. ಹೆಂಗಸರು ತಿಂಗಳ ಮೂರು ದಿನ ಹೊರಗೆ ಕೂರುವುದು ಅಲ್ಲಿಯೇ. ಮದುವೆಯಾಗಿ ಬಂದ ಮೇಲೆ ನಾನೂ ಕೂತವಳೇ: ಒಂದು ಚಾಪೆ, ಒಂದು ಚೊಂಬು, ದೂರದಿಂದ ಸರಿಸಿದ ತಟ್ಟೆ. ಸಾಂಕ್ರಾಮಿಕ ರೋಗಗಳ ಪಾಠಕ್ಕೆ ಟಿಪ್ಪಣಿ ಬರೆದುಕೊಂಡದ್ದು ಆ ಚಾಪೆಯ ಮೇಲೆಯೇ, ಯಾವ ರೋಗವೂ ಇಲ್ಲದ ನಾನು! ಮುಂದೆ ತೆಲಂಗಾಣ ಬಂತು, ನಾರಾಯಣಪೇಟೆ ಜಿಲ್ಲೆಯಾಯಿತು, ಕಚೇರಿಗಳ ಹಲಗೆಗಳೆಲ್ಲ ಬದಲಾದವು. ನಮ್ಮ ಹಿತ್ತಿಲ ಹೊಸ್ತಿಲು ಮಾತ್ರ ತನ್ನ ಹಳೆಯ ಸರಹದ್ದನ್ನು ಬಿಡಲಿಲ್ಲ. ನನ್ನ ಮುಟ್ಟು ನಿಂತ ಮೇಲೆ ಕೋಣೆ ಖಾಲಿ ಬಿದ್ದಿತ್ತು. ಪೀಡೆ ತೊಲಗಿತು ಎಂದುಕೊಂಡಿದ್ದೆ.

ಅಷ್ಟರಲ್ಲಿ ಮಗನ ಮದುವೆಯಾಗಿ ಗದ್ವಾಲದಿಂದ ಸೊಸೆ ವೈದೇಹಿ ಬಂದಳು. ಹಳದಿ ಮೀನು ಬಂದು ವಾರವೂ ಆಗಿರಲಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ: ಟಬ್ಬು ಹಿತ್ತಿಲಲ್ಲಿ ಬೋರಲು ಬಿದ್ದಿದೆ, ಮೀನು ಪಡಸಾಲೆಯ ತೊಟ್ಟಿಯಲ್ಲಿ ಈಜುತ್ತಿದೆ, ಟಬ್ಬಿದ್ದ ಜಾಗದಲ್ಲಿ ಚಾಪೆ, ಚಾಪೆಯ ಮೇಲೆ ವೈದೇಹಿ. "ಅತ್ತಮ್ಮಾ, ಹತ್ರ ಬರಬ್ಯಾಡ್ರಿ" ಎಂದು ಮುದುರಿ ಕೂತಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು.

ನನ್ನ ಅತ್ತೆ ತುಳಸಿಕಟ್ಟೆಯ ಬಳಿ ಬತ್ತಿ ಹೊಸೆಯುತ್ತ ಸಮಾಧಾನವಾಗಿ ಹೇಳಿದರು: "ಆಕಿಗೆ ಜಾಗಾ ಬೇಕಾಗಿತ್ತಲ್ಲವಾ, ನಿನ್ನ ಗಂಡನ ಕೈಲೆ ಮೀನ ಒಳಗ ಬಿಡಿಸಿದೆ. ಪಾಪ, ಮೂಕ ಪ್ರಾಣಿ, ಒಂಟಿ ಇದ್ದು ಸೊರಗಲಿಕ್ಕೆ ಹತ್ತಿತ್ತು. ನನ್ನ ಕೈಲೆ ನೋಡಲಿಕ್ಕಾಗಲಿಲ್ಲ."

ನೋಡಲಿಕ್ಕಾಗಲಿಲ್ಲವಂತೆ! ಅದೇ ಕೋಣೆಯಲ್ಲಿ ನಾನು ಯೌವನವಿಡೀ ತಿಂಗಳು ತಿಂಗಳೂ ಕೂತಾಗ ಈ ಕಣ್ಣು ಎಲ್ಲಿ ಹೋಗಿದ್ದವು? ಜಡ್ಡು ಹೊತ್ತು ಬಂದಿರಬಹುದಾದ ಮೀನನ್ನು ಒಳಗೆ ಕರೆದು, ಗಟ್ಟಿಮುಟ್ಟಾದ ಹುಡುಗಿಯನ್ನು ಹೊರಗೆ ಕೂರಿಸಿದ ಈ ಬುದ್ಧಿಗೆ ಏನೆನ್ನಲಿ, ನೀವೇ ಹೇಳಿ. ಯಜಮಾನರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು, "ಮೂರು ದಿನದ ಮಾತು, ಬಿಡಲೇ" ಎಂದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮೂರು ದಿನವಂತೆ! ಇವರು ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಲಿ.

ಕೆಲವು ದಿನ ಕಳೆಯುತ್ತಲೇ ಹಳದಿ ಮೀನಿನ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಆಮೇಲೆ ಕಿತ್ತಳೆ ಜೋಡಿಯ ಮೈಮೇಲೂ. ಒಂದು ಬೆಳಿಗ್ಗೆ ಜೋಡಿಯಲ್ಲೊಂದು ಮರಳಿನ ಮೇಲೆ ಪಕ್ಕಕ್ಕೆ ಮಲಗಿತ್ತು, ಮತ್ತೆ ಏಳಲಿಲ್ಲ. "ರಾಮ ರಾಮಾ, ಯಾರ ದೃಷ್ಟಿ ತಾಕಿತೋ" ಎಂದರು ಅತ್ತೆ. "ದೃಷ್ಟಿ ಅಲ್ಲ, ನಿಮ್ಮ ಕನಿಕರ ತಾಕ್ತು" ಎಂದೆ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ತೊಟ್ಟಿಗೆ ರೋಗ ತಗುಲಿದರೆ ಉಳಿದ ಮೀನುಗಳನ್ನೆಲ್ಲ ಹೊರತೆಗೆದು ಬೇರೆ ಕಡೆ ಔಷಧದ ನೀರಿನಲ್ಲಿಟ್ಟು, ತೊಟ್ಟಿಯನ್ನು ಬಹಳ ಕಾಲ ಖಾಲಿ ಬಿಡಬೇಕಾಗುತ್ತದೆ. ಹಾಗಾಗಿ ಉಳಿದ ಎರಡೂ ಮೀನುಗಳೊಡನೆ ನೀಲಿ ಟಬ್ಬು ಮತ್ತೆ ಹಿತ್ತಿಲ ಕೋಣೆ ಸೇರಿತು. ಚಾಪೆಯನ್ನು ಸುರುಳಿ ಸುತ್ತಿ ಬಚ್ಚಲ ಹಂಡೆಯ ಒಲೆಗೆ ಹಾಕಿದೆ, ಚೆನ್ನಾಗಿ ಉರಿಯಿತು.

ಮರುತಿಂಗಳು ವೈದೇಹಿ ಹಿತ್ತಿಲ ಹೊಸ್ತಿಲ ಬಳಿ ತಲೆತಗ್ಗಿಸಿ ನಿಂತಳು. "ಆ ಮೀನ ತಗೀ, ಹುಡುಗಿ ಕೂಡಬೇಕು" ಎಂದರು ಅತ್ತೆ.

"ಆ ಖೋಲಿ ಜಡ್ಡಾದವರಿಗೆ. ಈಕಿಗೆ ಯಾವ ಜಡ್ಡು ಅದ, ಹೇಳ್ರಿ?" ಎಂದೆ.

ಯಜಮಾನರು ಪತ್ರಿಕೆ ಕೆಳಗಿಟ್ಟರು. ನಾನು ವೈದೇಹಿಯನ್ನು ಅಡುಗೆಮನೆಗೇ ಕರೆದೊಯ್ದು, ಅಲ್ಲಿ ಕಲಸಿಟ್ಟ ಉಪ್ಪುನೀರಿನ ಕೊಡವನ್ನು ಅವಳ ಕೈಗೇ ಕೊಟ್ಟೆ. ಅವಳು ದೇವರ ಮನೆಯನ್ನು ದಾಟಿ, ಪಡಸಾಲೆ ದಾಟಿ ಹೊತ್ತು ತಂದಳು. ನೆಲಕ್ಕೆ ನೀರು ತುಳುಕಿತು. ಅತ್ತೆ ಸೀರೆಯ ಅಂಚನ್ನು ಎತ್ತಿ ಹಿಡಿದುಕೊಂಡರು.

ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಅವಳು ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರು ಹೊಯ್ದು, ನನ್ನತ್ತ ಒಮ್ಮೆ ನೋಡಿ, ಬೆರಳುಗಳನ್ನು ಮೆಲ್ಲಗೆ ಒಳಗೆ ಇಳಿಬಿಟ್ಟಳು. ಉಳಿದಿದ್ದ ಆ ಒಂದು ಕಿತ್ತಳೆ ಮೀನು ಬಂದು ಅವಳ ಬೆರಳಿಗೆ ಮೂತಿ ತಾಕಿಸಿತು. ಅದಕ್ಕೇನೂ ಆಗಲಿಲ್ಲ.