ಕೊಟ್ಟಿಗೆ ಬಾಗಿಲ ಮೇಲಿನ ಅಂಕಿ

ಎದುರು ಮನೆಯ ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕೊಲ್ಲಿಯ ದೇಶವೊಂದರಲ್ಲಿ ಇಪ್ಪತ್ತು ವರ್ಷ ಕಚ್ಚಾ ಎಣ್ಣೆಯ ಟ್ಯಾಂಕಿಗೆ ಟೇಪು ಇಳಿಬಿಟ್ಟು ಮಟ್ಟ ಅಳೆದ ಗುರುತದು. ಊರಿಗೆ ಮರಳಿದವರೇ ದೇವಣಿಯಿಂದ ಒಂದು ಆಕಳು ತಂದರು. ಅಂದೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ನಮ್ಮ ನಿಲಂಗಾ ಕಡೆ ಆಕಳು ಎಷ್ಟು ಹಿಂಡುತ್ತದೆಂದು ಯಾರೂ ಬಾಯಿಬಿಡುವುದಿಲ್ಲ. ದೃಷ್ಟಿ ತಾಗೀತೆಂಬ ಭಯ. ಚರಿಗೆ ತುಂಬಿ ತುಳುಕಿದರೂ "ಎಲ್ಲೀದ್ರೀ, ಕರುವಿಗೇ ಸಾಲಾಂಗಿಲ್ಲ" ಅನ್ನಬೇಕು. ಈ ಕಾಕಾ ಮಾತ್ರ ದಿನಾ ಹಿಂಡಿದ ಲೀಟರನ್ನು ಕೊಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯುತ್ತಿದ್ದರು. ಏಳು! ನನ್ನ ಆಕಳದು ನಾಲ್ಕು.

"ಯಾಕ್ರೀ ಕಾಕಾ, ಊರಿಗೆಲ್ಲಾ ಡಂಗುರಾ ಹೊಡೀತೀರಿ?" ಎಂದು ಕೇಳಿಯೇಬಿಟ್ಟೆ.

"ಅಲ್ಲಿ ಮೊದಲನೇ ದಿನ ಸಾಹೇಬ, ಟ್ಯಾಂಕಿನಾಗ ಎಷ್ಟದ ಅಂದ. ದೃಷ್ಟಿ ಆಗ್ತದಂತ ನಾ ಒಂದು ಗೇಣು ಕಮ್ಮಿ ಹೇಳಿದೆ. ಜಾಗಾ ಅದ ಅಂತ ಅವರು ಮತ್ತ ತುಂಬಿಸಿದ್ರು. ಎಲ್ಲಾ ಹೊರಗ ಚೆಲ್ತು ನೋಡವ್ವಾ!"

ಆ ದೇಶದ ಸರಕಾರವೂ ನಮ್ಮಂಥದೇ ಅಂತೆ, ಎಷ್ಟು ಎಣ್ಣೆ ತೆಗೆಯುತ್ತೇವೆಂಬುದು ಮನೆಯ ಗುಟ್ಟು. ಜೊತೆಗಿದ್ದ ನಾರ್ವೆಯ ಇಂಜಿನಿಯರ್ ಮಾತ್ರ, ತಮ್ಮಲ್ಲಿ ಅಂಕಿಯೆಲ್ಲ ಬಯಲಿಗೇ ಇಡುತ್ತಾರೆ, ಯಾರೂ ನೋಡಬಹುದು ಎನ್ನುತ್ತಿದ್ದನಂತೆ.

"ದೃಷ್ಟಿ ಆಗಲ್ಲೇನು ಅಂತ ಕೇಳಿದೆ. ಅಂವಗ ತಿಳೀಲೇ ಇಲ್ಲ!" ಎಂದು ಕಾಕಾ ಬಿದ್ದುಬಿದ್ದು ನಕ್ಕರು.

ಒಂದು ಶ್ರಾವಣದಲ್ಲಿ ಬಾಗಿಲ ಮೇಲಿನ ಏಳು ಆರಾಯಿತು, ಮರುದಿನ ಐದಾಯಿತು. ಓಣಿಯೆಲ್ಲ ದೃಷ್ಟಿ ಎಂದಿತು. ಯಾರ ದೃಷ್ಟಿಯೆಂದು ನನಗೆ ಗೊತ್ತಿತ್ತಲ್ಲ! ಹೋಗಿ ಅವರೆದುರು ಅತ್ತೆ.

"ನಂದೇ ಕಣ್ಣು ಬಿದ್ದದ್ರೀ ಕಾಕಾ. ದಿನಾ ಹೊಟ್ಟಿ ಉರ್ಕೊಂಡು ನೋಡ್ತಿದ್ದೆ."

"ಹುಚ್ಚಿ, ಕೆಚ್ಚಲಿಗಿ ಬಾವು ಬಂದದ. ಬರದು ಇಟ್ಟಿದ್ದಕ್ಕ ಲಗೂ ಗೊತ್ತಾಯ್ತು, ಡಾಕ್ಟರ್ ಸೂಜಿ ಹಾಕ್ಯಾರ. ಅದಿರಲಿ, ನಿಂದು ಎಷ್ಟು ಹಿಂಡ್ತದ?"

"ಆರು," ಎಂದೆ. ಕಣ್ಣೀರು ಒರೆಸಿಕೊಳ್ಳುತ್ತಲೇ ಸುಳ್ಳು!

ಅವರು ನಗಲಿಲ್ಲ. "ಕಮ್ಮಿ ಹೇಳಿದ್ರೂ, ಹೆಚ್ಚು ಹೇಳಿದ್ರೂ ಅಷ್ಟೇ ಅವ್ವಾ. ನಿನ್ನ ಆಕಳ ಬ್ಯಾನಿ ನಿನಗೇ ತಿಳ್ಯಾಂಗಿಲ್ಲ."

ವಾರದೊಳಗೆ ಅವರ ಆಕಳು ಮತ್ತೆ ಏಳಕ್ಕೆ ಬಂತು.

ಹೋದ ಚಳಿಗಾಲ ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಬಂದ ದಿನ ನನ್ನ ಕೊಟ್ಟಿಗೆ ಬಾಗಿಲ ಮೇಲೆ ನಾಲ್ಕು ಎಂದು ಬರೆದೆ. ಮೊನ್ನೆ ಅದು ಮೂರಾಯಿತು, ಅವತ್ತೇ ಡಾಕ್ಟರನ್ನು ಕರೆಸಿದೆ, ಆಕಳು ಉಳಿಯಿತು. ಎದುರಿನ ಬಾಗಿಲ ಏಳನ್ನು ಮಾತ್ರ ಯಾರೂ ಅಳಿಸಿಲ್ಲ. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಉರಿಯುತ್ತದೋ ಅಷ್ಟನ್ನೇ ಹೇಳುತ್ತಿದ್ದೇನೆ, ಕಾಕಾ.