ದೊಣೆಗೆ ಕಾಲಿಟ್ಟ ದಿನ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೊದಲ ಭಾನುವಾರ. ಕೊಟ್ಟೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವ ನಾನು, ನಲವತ್ತಾರನೇ ವಯಸ್ಸಿನಲ್ಲಿ ಪಿಎಚ್.ಡಿ.ಯ ಉಸಾಬರಿ ಮೈಮೇಲೆ ಎಳೆದುಕೊಂಡಿದ್ದೆ. ವಿಷಯ ಭೂವೈಜ್ಞಾನಿಕ ಪ್ರವಾಸೋದ್ಯಮ. ಅಂದರೆ ಬಂಡೆ, ಗುಡ್ಡ, ಗವಿ ನೋಡಲು ಜನರನ್ನು ಕರೆತರುವುದು. ಈಗ ಜಗತ್ತಿನ ತುಂಬ ಇದೇ ಸಂಶೋಧನೆ. ಚೀನಾ, ಪೋಲೆಂಡ್, ಇರಾನಿನವರು ಬರೆದದ್ದನ್ನೆಲ್ಲ ಅಡುಗೆಮನೆ ಕೆಲಸ ಮುಗಿಸಿ ಓದಿ ಓದಿ ಸೋತುಹೋಗಿದ್ದೆ.

"ಓದಿದ್ದು ಸಾಕ್ರಿ. ನಿಮ್ಮ ಕಡೆಯದೊಂದು ಗುಡ್ಡ ಸೇರಿಸ್ರಿ, ಮುಗೀತು" ಎಂದರು ನನ್ನ ಗೈಡ್.

ಬಸ್ಸಿನಲ್ಲಿ ಕೂಡ್ಲಿಗಿಗೆ ಹೋಗಿ, ಆಟೋ ಹಿಡಿದು, ಒಬ್ಬಳೇ ಒಂದು ಗುಡ್ಡ ಹತ್ತಿದೆ. ಮಂಡಿ ಪದ ಹೇಳುತ್ತಿತ್ತು. ಮೇಲೆ ಬಂಡೆಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಅದಕ್ಕೆ ದೊಣೆ ಎನ್ನುತ್ತಾರೆ. ಉದ್ದ, ಅಗಲ, ಆಳ ಅಳೆದು ಬರೆದುಕೊಂಡೆ. ಆಮೇಲೆ ಚಪ್ಪಲಿ ಬಿಚ್ಚಿ, ಮುಖಕ್ಕೆ ಬಳಿದಿದ್ದ ಕ್ರೀಮನ್ನು ಅದರಲ್ಲೇ ತೊಳೆದು, ಎರಡೂ ಕಾಲು ಇಳಿಬಿಟ್ಟು ಕುಳಿತೆ. ಹಾಯೆನಿಸಿತು.

"ಯವ್ವಾ, ಕಾಲಿಟ್ಟಿಯೇನು?"

ತಿರುಗಿದರೆ ಕುರಿ ಕಾಯುವ ಮುದುಕ. ಕೈಯಲ್ಲಿ ಎರಡು ಖಾಲಿ ಕ್ಯಾನು.

"ಇದು ನಾವು ಕುಡಿಯೋ ನೀರವ್ವಾ. ಉಳಿದ ದೊಣಿ ಎಲ್ಲಾ ಒಣಗ್ಯಾವು. ಕೆಳಗ ನಮ್ಮಾಕಿ ಜ್ವರ ಬಂದು ಮಲಗ್ಯಾಳ, ನೀರು ಕೇಳಿದ್ಲು."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆತ ಬೈಯಲಿಲ್ಲ. ನಾಚಿಕೆಯಿಂದ ನನ್ನ ಬಾಟಲಿ ಚಾಚಿದೆ. ಅರ್ಧ ಉಳಿದಿತ್ತು. ಒಂದು ಕ್ಯಾನಿಗೆ ಸುರಿದುಕೊಂಡು, ಎರಡು ಗುಟುಕು ಬಿಟ್ಟು ವಾಪಸು ಕೊಟ್ಟ.

"ಇಳಿಯಾಕ ನಿನಗೂ ಬೇಕಲ್ಲ."

ಇನ್ನೊಂದು ಕ್ಯಾನಿಗೆ ನಾನು ಕೆಡಿಸಿದ ನೀರನ್ನೇ ತುಂಬಿದ. ಕುರಿಗಳಿಗೆ ಆಯಿತು ಎಂದ. ಆಮೇಲೆ ನನ್ನ ನೋಟ್‌ಬುಕ್ ನೋಡಿ, "ಏನು ಬರಿಯಾಕತ್ತಿಯವ್ವಾ?" ಎಂದು ಕೇಳಿದ.

"ಈ ಗುಡ್ಡ ನೋಡಾಕ ಜನ ಬರೋಹಂಗ ಆಗಲಿ ಅಂತ ಬರಿತೀನಿ, ಅಜ್ಜಾರ."

ಆತ ದೊಣೆಯತ್ತ ತಿರುಗಿದ.

"ಬಾಳ ಜನ ಬರ್ತಾರೇನು?"

ಅದು ಕೊಂಕಲ್ಲ, ನಿಜವಾದ ದಿಗಿಲು. ನೋಟ್‌ಬುಕ್ ಮುಚ್ಚಿದೆ. ಚಪ್ಪಲಿ ಮೆಟ್ಟಿ ಇಳಿದು ಬಂದೆ.

ಪ್ರಬಂಧದಿಂದ ಆ ಗುಡ್ಡವನ್ನು ತೆಗೆದುಹಾಕಿದೆ. ಗೈಡ್ ರೇಗಿದರು. ಇನ್ನೊಂದು ಗುಡ್ಡ ಹುಡುಕುವವರೆಗೆ ಸಹಿ ಇಲ್ಲ ಎಂದರು. ವರ್ಷವಾಯಿತು, ಹುಡುಕಿಲ್ಲ. ಗುಡ್ಡಗಳೇನೋ ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಈಗ ಯಾವುದನ್ನು ಕಂಡರೂ, ಅದರ ಮೇಲೆ ಯಾರು ಕುಡಿಯುವ ನೀರಿದೆಯೋ ಎಂದು ಭಯವಾಗುತ್ತದೆ.